ನಿರುದ್ಯೋಗಕ್ಕೊಂದು ಸಾಕ್ಷಿ ಸಹಿ

ಉದ್ಯೋಗ ಕಚೇರಿಯಿಂದ ಬಂದ ಕಾಗದದಲ್ಲಿ ಇದ್ದದ್ದು ಸಿಹಿಸುದ್ದಿಯೇ. ವರ್ಷಕ್ಕೂ ಹೆಚ್ಚು ಕಾಲ ಕೆಲಸವಿಲ್ಲದೆ ಕೂತವರಿಗಾಗಿ ಸರ್ಕಾರ ಹೊಸ ಯೋಜನೆ ತಂದಿತ್ತು. ಜಿಲ್ಲಾ ಕಚೇರಿಯ ಹಳೇ ಲಿಫ್ಟಿಗೆ ಒಬ್ಬ ಆಪರೇಟರ್ ಬೇಕಾಗಿದ್ದ. ಆರು ತಿಂಗಳ ಕೆಲಸ, ಚೆನ್ನಾಗಿ ಮಾಡಿದರೆ ಕಾಯಂ. ಓದುತ್ತಾ ಓದುತ್ತಾ ಲಿಫ್ಟ್ ಮಾಮನ ಮುಖ ಅರಳಿತು. ಕೊನೆಯ ಸಾಲಿಗೆ ಬಂದಾಗ ಬಾಡಿತು. “ಅರ್ಜಿದಾರನಿಗೆ ಕೆಲಸವಿಲ್ಲವೆಂದು ಮನೆಯ ಮಾಲೀಕರು ನಮ್ಮ ಅಧಿಕಾರಿಯ ಎದುರಿನಲ್ಲಿ ಸಹಿ ಹಾಕತಕ್ಕದ್ದು. ಅಧಿಕಾರಿ ಗುರುವಾರ ಹನ್ನೊಂದು ಗಂಟೆಗೆ ಬರುತ್ತಾರೆ.”

ಮಾಲೀಕರಿಗೆ ವಿಷಯವೇ ಗೊತ್ತಿರಲಿಲ್ಲ. ಏಳು ಮಹಡಿಯ ಕಟ್ಟಡವೊಂದರಲ್ಲಿ ಹತ್ತೊಂಬತ್ತು ವರ್ಷ ಜನರನ್ನು ಮೇಲೆ ಕೆಳಗೆ ಸಾಗಿಸಿದ ಮಾಮನಿಗೆ ಹದಿನಾಲ್ಕು ತಿಂಗಳ ಹಿಂದೆ ಕೆಲಸ ಹೋಗಿತ್ತು. ಬಾಗಿಲನ್ನು ತಾನೇ ಹಾಕಿಕೊಂಡು, ಮಹಡಿಯ ಹೆಸರನ್ನು ತಾನೇ ಹೇಳುವ ಹೊಸ ಲಿಫ್ಟು ಬಂದ ದಿನವೇ ಅವನ ಸ್ಟೂಲನ್ನು ಗೋಡೌನಿಗೆ ಹಾಕಿದರು. ಆದರೆ ಮೇಲಿನ ಮನೆಯಲ್ಲೇ ಇದ್ದ ಮಾಲೀಕರು ಸಂಬಳದವರಿಗೆ ಮಾತ್ರ ಮನೆ ಕೊಡುವವರು. ಹಾಗಾಗಿ ಮಾಮ ಬಾಯಿ ಬಿಡಲಿಲ್ಲ. ದಿನಾ ಎಂಟೂವರೆಗೆ ಇಸ್ತ್ರಿ ಅಂಗಿ ತೊಟ್ಟು, ಊಟದ ಡಬ್ಬಿ ಹಿಡಿದು ಹೊರಟು, ಸರ್ಕಾರಿ ಆಸ್ಪತ್ರೆಯ ಬೆಂಚುಗಳ ಮೇಲೆ ಸಂಜೆಯವರೆಗೆ ಕೂತು ಬರುತ್ತಿದ್ದ. ಅಲ್ಲಿ ಯಾರೂ ಯಾಕೆ ಕೂತಿದ್ದೀಯ ಎಂದು ಕೇಳುವುದಿಲ್ಲ. ಸೋಮವಾರ ಕಣ್ಣಿನ ವಿಭಾಗ, ಮಂಗಳವಾರ ಮೂಳೆ. ಒಮ್ಮೆ ಮರೆತು ಹೆರಿಗೆ ವಿಭಾಗದಲ್ಲಿ ಕೂತವನಿಗೆ ನರ್ಸೊಬ್ಬಳು ಗಂಡು ಮಗು ಎಂದು ಹೇಳಿ ಹೋಗಿದ್ದಳು.

ಅದೇ ಎಂಟೂವರೆಗೆ ಮಾಲೀಕರೂ ಚರ್ಮದ ಚೀಲ ಹಿಡಿದು, ಊರಿನ ಇನ್ನೊಂದು ತುದಿಯ ವಿಮಾ ಕಚೇರಿಗೆ ಹೊರಡುತ್ತಿದ್ದರು. ಗೇಟಿನ ಹತ್ತಿರ ಇಬ್ಬರೂ ನಿತ್ಯ ಎದುರಾಗುತ್ತಿದ್ದರು.

ಗುರುವಾರ ಬೆಳಿಗ್ಗೆ ಹೆಂಡತಿ ಡಬ್ಬಿ ಕೈಗಿಡುತ್ತಾ ಕೇಳಿದಳು, “ಹೇಳಿಬಿಡಿ ರೀ. ಏನಾಗತ್ತೆ?”

“ಮನೆ ಖಾಲಿ ಮಾಡಿ ಅಂತಾರೆ.”

“ಹೇಳದಿದ್ರೆ?”

“ಲಿಫ್ಟ್ ಕೈಬಿಟ್ಟು ಹೋಗತ್ತೆ.”

ಆಮೇಲೆ ಹೆಂಡತಿಯೇ ದಾರಿ ಹುಡುಕಿದಳು. ದಿನದಂತೆ ಹೊರಡುವುದು, ಸುತ್ತುಹಾಕಿ ಹಿತ್ತಲಿನಿಂದ ಒಳಗೆ ಬರುವುದು, ಅಧಿಕಾರಿಯ ಕೈಕಾಲು ಹಿಡಿದು ಬೇರೆ ಯಾರದಾದರೂ ಸಹಿಗೆ ಒಪ್ಪಿಸುವುದು.

ಹೊರಡುವುದೇನೋ ಸುಸೂತ್ರವಾಯಿತು. ಹನ್ನೊಂದರ ಹೊತ್ತಿಗೆ ವಾಪಸ್ಸು ಬರುವುದೇ ಕಷ್ಟವಾಯಿತು. ಹತ್ತೊಂಬತ್ತು ವರ್ಷ ಲಿಫ್ಟಿನಲ್ಲೇ ಮೇಲೇರಿದವನಿಗೆ ಗೋಡೆ ಹತ್ತಿ ಗೊತ್ತಿರಲಿಲ್ಲ. ಹಿತ್ತಲ ಗೋಡೆಯ ಮೇಲಿನ ಮೊಳೆಯೊಂದು ಅವನ ಪ್ಯಾಂಟನ್ನು ಹಿಂದಿನಿಂದ ಉದ್ದಕ್ಕೂ ಸೀಳಿತು. ಎದುರು ಮನೆಯ ಟೈಲರ್ ಅಕ್ಕನಿಗೆ ಹೊಲಿಗೆ ಮಿಷನ್ನಿನ ಮುಂದೆ ಕೂತರೆ ಇಡೀ ಬೀದಿ ಕಾಣುತ್ತದೆ. ಈ ಮನೆಯ ಪಕ್ಕದ ಸಂದಿಯಲ್ಲಿ ಅವಳಿಗೆ ಎರಡು ಕಾಲು ಕಂಡವು.

“ಕಳ್ಳ! ಕಳ್ಳ!” ಎಂದು ಕತ್ತರಿ ಹಿಡಿದೇ ಓಡಿ ಬಂದಳು. ಅದೇ ಹೊತ್ತಿಗೆ ಗೇಟಿನಲ್ಲಿ ಫೈಲು ಹಿಡಿದ ಮನುಷ್ಯನೊಬ್ಬ ನಿಂತಿದ್ದ.

“ಒಳ್ಳೇ ಹೊತ್ತಿಗೆ ಬಂದ್ರಿ. ಪೊಲೀಸಾ?”

“ಅಲ್ಲಮ್ಮ, ಉದ್ಯೋಗ ಕಚೇರಿ. ಇಲ್ಲಿ ಕೆಳಗಿನ ಮನೆಯವರಿಗೆ ಕೆಲಸ ಇಲ್ಲವಂತೆ, ನಿಜಾನಾ?”

ಟೈಲರ್ ಅಕ್ಕನಿಗೆ ಕಳ್ಳ ಮರೆತೇಹೋದ. “ಯಾರು ಸಾರ್ ಹಾಗಂದಿದ್ದು? ಅವರ ನಾಲಿಗೆಗೆ ಹುಳ ಬೀಳ! ಲಿಫ್ಟ್ ಮಾಮ ಒಂದು ದಿನ ರಜಾ ಹಾಕಿದ್ದು ನಾನು ನೋಡಿಲ್ಲ. ಇವತ್ತೂ ಎಂಟೂವರೆಗೆ ಡ್ಯೂಟಿಗೆ ಹೋದ್ರು. ಹೋದ ತಿಂಗಳು ಬಡ್ತೀನೂ ಸಿಕ್ತಂತೆ, ಅವರ ಹೆಂಡ್ತೀನೇ ಹೇಳಿದ್ರು.”

ಒಳಗೆ ಕಿಟಕಿಯ ಹಿಂದಿನಿಂದ ಕೇಳಿಸಿಕೊಳ್ಳುತ್ತಿದ್ದ ಮಾಮ ಹೆಂಡತಿಯ ಕಡೆ ತಿರುಗಿದ.

“ಲಿಫ್ಟಿನವನಿಗೆ ಬಡ್ತಿ ಅಂದ್ರೆ ಏನೇ? ಎಂಟನೇ ಮಹಡೀನಾ?”

“ಬಾಯಿಗೆ ಬಂತು, ಅಂದ್ಬಿಟ್ಟೆ” ಎಂದಳು ಅವಳು ಅಳುದನಿಯಲ್ಲಿ.

ಹೊರಗೆ ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದ. ‘ಉದ್ಯೋಗಸ್ಥ’ ಎಂದು ಅವನು ಬರೆದರೆ ಮುಗಿಯಿತು. ಮಾಮ ಹಿಂದೆಮುಂದೆ ನೋಡಲಿಲ್ಲ. ಹರಿದ ಪ್ಯಾಂಟನ್ನು ಹಿಂದೆ ಕೈಯಿಟ್ಟು ಮುಚ್ಚಿಕೊಂಡು ಬೀದಿಗೆ ಓಡಿ ಬಂದ.

“ಬರೀಬೇಡಿ ಸಾರ್! ನನಗೆ ಕೆಲಸ ಇಲ್ಲ! ದೇವರಾಣೆ ಇಲ್ಲ!”

ಅಷ್ಟರಲ್ಲಿ ಕಳ್ಳನನ್ನು ನೋಡಲು ಅಕ್ಕಪಕ್ಕದವರೆಲ್ಲ ಸೇರಿದ್ದರು. ಅವರು ಒಬ್ಬರ ಮುಖ ಒಬ್ಬರು ನೋಡಿದರು. “ಜ್ವರ ತಲೆಗೇರಿದೆ ಪಾಪ” ಎಂದ ಟೈಲರ್ ಅಕ್ಕ, ಸುಮ್ಮನಿರಲಾರದೆ ಮಾಲೀಕರಿಗೆ ಫೋನು ಮಾಡಿದಳು. ಎರಡು ಬಸ್ಸು ಬದಲಾಯಿಸಿ ಬರಬೇಕಾದ ಮಾಲೀಕರು ಐದೇ ನಿಮಿಷದಲ್ಲಿ ಏದುಸಿರು ಬಿಡುತ್ತಾ ಬಂದು ನಿಂತರು. ಆ ಗಡಿಬಿಡಿಯಲ್ಲಿ ಅದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಮಾಮ ಮಾತಾಡುವ ಲಿಫ್ಟಿನಿಂದ ಹಿಡಿದು ಹೆರಿಗೆ ವಿಭಾಗದವರೆಗೆ ಎಲ್ಲವನ್ನೂ ಬೀದಿಯೆದುರೇ ಹೇಳಿಕೊಂಡ. ಹೇಳುವಾಗ ನಾಚಿಕೆಯಿಂದ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಹೇಳಿ ಮುಗಿದ ಮೇಲೆ ಮಾತ್ರ ಹದಿನಾಲ್ಕು ತಿಂಗಳ ಭಾರ ಇಳಿದಂತಾಗಿ ಕಣ್ಣು ತುಂಬಿ ಬಂತು.

“ದಿನಾ ನನ್ನ ಮುಖ ನೋಡಿ ಸುಳ್ಳು ಹೇಳಿದ್ರಿ” ಎಂದರು ಮಾಲೀಕರು.

“ತಪ್ಪಾಯ್ತು ಸಾರ್. ಮನೆ ಬಿಡಿಸಬೇಡಿ. ಈ ಕೆಲಸ ಸಿಕ್ರೆ ಬದುಕಿಕೋತೀವಿ.”

ಮಾಲೀಕರು ಫಾರಂ ತೆಗೆದುಕೊಂಡು ಸಹಿ ಹಾಕಿದರು. ಮಾಮನ ಹೆಂಡತಿ ಬಾಗಿಲಿನಿಂದಲೇ ಕೈಮುಗಿದಳು. ಟೈಲರ್ ಅಕ್ಕ ಮೂಗು ಒರೆಸಿಕೊಂಡು, ಪ್ಯಾಂಟನ್ನು ಬಿಟ್ಟಿಯಾಗಿ ಹೊಲಿದುಕೊಡುತ್ತೇನೆ ಎಂದಳು. ಎಷ್ಟೋ ದಿನಗಳ ಮೇಲೆ ಮಾಮ ಮನಸ್ಸು ಬಿಚ್ಚಿ ನಕ್ಕ.

ಆದರೆ ಮಾಲೀಕರು ಪೆನ್ನು ವಾಪಸ್ಸು ಕೊಡಲಿಲ್ಲ.

“ನಿಮಗಿರೋ ಧೈರ್ಯ ನನಗೆ ಬರ್ಲಿಲ್ಲ ನೋಡಿ. ನಮ್ಮ ಬ್ರಾಂಚ್ ಮುಚ್ಚಿ ಇಪ್ಪತ್ತೆರಡು ತಿಂಗಳಾಯ್ತು. ದಿನಾ ಹಿಂದಿನ ಬೀದಿ ಪಾರ್ಕಲ್ಲಿ ಕೂತಿರ್ತೀನಿ. ಬಾಡಿಗೆದಾರನಿಗೆ ಗೊತ್ತಾದ್ರೆ ಬೆಲೆ ಕೊಡಲ್ಲ ಅಂತ ಹೇಳಲಿಲ್ಲ.”

ಅವರು ಮಾಲೀಕರು ಎಂಬುದನ್ನೂ ಮರೆತು ಮಾಮ ತಬ್ಬಿಕೊಂಡ.

ಅಧಿಕಾರಿಯ ಕಿವಿ ಮಾತ್ರ ನೆಟ್ಟಗಾಯಿತು. “ಎಷ್ಟು ತಿಂಗಳು ಅಂದ್ರಿ? ನಮ್ಮಲ್ಲಿ ನೋಂದಣಿ ಆಗಿದೆಯಾ?”

“ಆಗಿದೆ. ವಿಳಾಸ ಮಾತ್ರ ನಮ್ಮಣ್ಣನ ಮನೇದು” ಎಂದು ಮಾಲೀಕರು ಚೀಲದಿಂದ ಕಾರ್ಡು ತೆಗೆದರು.

ಅಧಿಕಾರಿ ಇನ್ನೊಂದು ಫಾರಂ ಬಿಡಿಸಿದ. “ಹಾಗಾದ್ರೆ ಕೆಲಸ ನಿಮಗೇ ಹೋಗತ್ತೆ. ಯಾರು ಹೆಚ್ಚು ಕಾಲ ಖಾಲಿ ಕೂತಿದಾರೋ ಅವರಿಗೆ ಮೊದಲು, ರೂಲು.”

“ಸಾರ್,” ಮಾಮ ಮುಂದೆ ಬಂದ, “ನಾನು ಹತ್ತೊಂಬತ್ತು ವರ್ಷ ಲಿಫ್ಟ್ ನಡೆಸಿದೀನಿ.”

“ಇರಬಹುದು. ಈ ಫಾರಂನಲ್ಲಿ ಅನುಭವದ ಕಾಲಂ ಇಲ್ವಲ್ಲ.” ಅವನು ಫಾರಮನ್ನು ಮಾಮನ ಮುಂದೆ ಹಿಡಿದ. “ಸ್ವಂತ ಮನೆಯವರಿಗಾದ್ರೆ ಬಾಡಿಗೆದಾರರ ಸಹಿ ಬೇಕು. ಇಲ್ಲಿ ಹಾಕಿ.”

ಬೀದಿಯೆಲ್ಲ ನೋಡುತ್ತಿತ್ತು. ಮಾಲೀಕರ ಕಣ್ಣಿನಲ್ಲಿ, ಸ್ವಲ್ಪ ಮೊದಲು ತನ್ನ ಕಣ್ಣಿನಲ್ಲಿದ್ದ ಅದೇ ದೈನ್ಯ ಮಾಮನಿಗೆ ಕಂಡಿತು. ಬಾಗಿಲಿನ ಕಡೆ ನೋಡಲು ಅವನಿಗೆ ಧೈರ್ಯವಾಗಲಿಲ್ಲ. ಸಹಿ ಹಾಕಿದ.

ಅಧಿಕಾರಿ ಹೊರಟುಹೋದ. ಜನ ಚದುರಿದರು. ಮಾಲೀಕರು ಮೆಟ್ಟಿಲು ಹತ್ತುತ್ತಿದ್ದವರು ಅರ್ಧಕ್ಕೆ ನಿಂತು, ಸಂಕೋಚದಿಂದ ತಿರುಗಿದರು.

“ತಪ್ಪು ತಿಳ್ಕೋಬೇಡಿ. ನೀವು ಹೇಗೂ ಖಾಲಿ ಇರ್ತೀರಲ್ಲ, ನಾಳೆ ಒಂದು ಗಳಿಗೆ ನನ್ನ ಜೊತೆ ಬಂದು, ಆ ಲಿಫ್ಟ್ ನಡೆಸೋದು ಹೇಗೆ ಅಂತ ಹೇಳ್ಕೊಡ್ತೀರಾ?”