ಸೈಲೆನ್ಸರಿಗೆ ಗಡಿಗೆ ಮುಚ್ಚಿದ್ದು

ಒಲೆ ಕಟ್ಟುವುದರಲ್ಲಿ ಮೇಲವಂಕಿಯಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಇದು ಜಂಬವಲ್ಲ, ಊರು ಒಪ್ಪಿದ ಮಾತು. ಮದುವೆ ಮನೆಯಲ್ಲಿ ಮುನ್ನೂರು ಮಂದಿಯ ಅಡುಗೆ ಇದ್ದರೆ ಒಲೆ ಹೂಡಲು ನನಗೇ ಹೇಳಿಕಳಿಸುತ್ತಿದ್ದರು. ನಾನು ಕಟ್ಟಿದ ಒಲೆಗೆ ಹಸಿ ಜಾಲಿ ಕಟ್ಟಿಗೆ ಇಟ್ಟರೂ ಹೊಗೆ ಕಣ್ಣಿಗೆ ಬರುತ್ತಿರಲಿಲ್ಲ. ಹೇಳಿದ ದಾರಿ ಹಿಡಿದು ಮಾಳಿಗೆಯ ಬೆಳಕಿಂಡಿಯಿಂದ ಸುಮ್ಮನೆ ಹೊರಗೆ ಹೋಗುತ್ತಿತ್ತು. ಅಂಥ ನನಗೆ ಒಂದು ಮೋಟಾರು ಗಾಡಿಯ ಹೊಗೆ ಕೊಳವೆ ಯಾವ ಲೆಕ್ಕ? ಒಲೆ ಕೂತಿರುತ್ತದೆ, ಗಾಡಿ ಓಡುತ್ತದೆ. ಫರಕು ಇಷ್ಟೇ ಅಂದುಕೊಂಡೆ.

ಸ್ವಾತಂತ್ರ್ಯ ಬಂದು ಹತ್ತು-ಹನ್ನೆರಡು ವರ್ಷ ಆಗಿರಬೇಕು. ನಮ್ಮ ಯಜಮಾನರು ಹುಕ್ಕೇರಿಯ ಒಬ್ಬರ ಕಡೆಯಿಂದ ಹಳೆಯ ಪಿಕಪ್ ಗಾಡಿ ತಂದಿದ್ದರು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ್ದು. ಯಾವ ದೇಶದಲ್ಲಿ ಯಾವ ದೊಡ್ಡ ಸಾಹೇಬನನ್ನು ಹೊತ್ತಿತ್ತೋ ಏನೋ, ನಮ್ಮಲ್ಲಿಗೆ ಬಂದು ಬದನೆಕಾಯಿ ಹೊತ್ತಿತು. ದಿನಾ ಹೊತ್ತು ಹುಟ್ಟುವಾಗ ಕಾಯಿಪಲ್ಯ, ಮೊಸರಿನ ಗಡಿಗೆ ಏರಿಸಿಕೊಂಡು ನಾವಿಬ್ಬರೂ ಗೋಕಾಕ ಫಾಲ್ಸಿನ ಗಿರಣಿ ಕೆಲಸಗಾರರ ಸಾಲುಮನೆಗಳ ಚಾಳಿಗೆ ಹೋಗುತ್ತಿದ್ದೆವು. ಒಂದು ತಾಸಿನಲ್ಲಿ ಬುಟ್ಟಿ ಖಾಲಿ. ಗಾಡಿ ಬರುವ ಮೊದಲು ನಾನು ತಲೆಯ ಮೇಲೆ ಬುಟ್ಟಿ ಹೊತ್ತು ಮೂಡಲಗಿ ಸಂತೆಗೆ ನಡೆಯುತ್ತಿದ್ದವಳು. ಹಾಗೆ ನಡೆದೂ ನಡೆದೂ ನನ್ನ ಕುತ್ತಿಗೆ ಎರಡು ಬೆರಳು ಗಿಡ್ಡ ಆಗಿದೆ. ಚಾಳಿನ ವ್ಯಾಪಾರ ತಪ್ಪಿದರೆ ಗಾಡಿ ಮಾರಬೇಕು, ನಾನು ಮತ್ತೆ ಬುಟ್ಟಿ ಹೊರಬೇಕು. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಒಂದು ದಿನ ಧುಪದಾಳದಿಂದ ಬದನೆಕಾಯಿ ತುಂಬಿಕೊಂಡು ಬರುವಾಗ ಗಾಡಿ ಒಂದು ಕಲ್ಲಿನ ಮೇಲೆ ಕುಕ್ಕರಿಸಿತು. ಕೆಳಗಿನಿಂದ ಏನೋ ಕಳಚಿ ಬಿದ್ದು ಉರುಳಿ ಪಕ್ಕದ ಕಾಲುವೆಯ ನೀರಿಗೆ ಹೋಯಿತು. ನಾವು ತಲೆ ಕೆಡಿಸಿಕೊಳ್ಳಲಿಲ್ಲ. ಬಿದ್ದ ಮೇಲೂ ಗಾಡಿ ಓಡಿತಲ್ಲ, ಬೇಡಾದದ್ದೇ ಬಿದ್ದಿರಬೇಕು ಎಂದೆ ನಾನು. ಬಿದ್ದದ್ದು ಸೈಲೆನ್ಸರ್.

ಮರುದಿನ ಬೆಳಿಗ್ಗೆ ಗಾಡಿ ಶುರು ಮಾಡಿದಾಗ ಹಿತ್ತಲಿನ ಎಮ್ಮೆ ಹಗ್ಗ ಹರಿದುಕೊಂಡು ಹೋಯಿತು. ಸಂಜೆ ಸಿಕ್ಕಿತು.

ಚಾಳಿನಲ್ಲಿ ಅರ್ಧ ಮಂದಿ ರಾತ್ರಿ ಪಾಳಿಯವರು. ರಾತ್ರಿಯೆಲ್ಲ ಮಗ್ಗದ ಮುಂದೆ ನಿಂತು, ಬೆಳಿಗ್ಗೆ ಬಂದು ಎರಡು ರೊಟ್ಟಿ ತಿಂದು ಅಡ್ಡಾಗುವ ಹೊತ್ತಿಗೆ ಸರಿಯಾಗಿ ನಮ್ಮ ಗಾಡಿ ಹೋಗುವುದು. ಮೂರನೆಯ ದಿನ ಚಾಳಿನ ಉಸ್ತುವಾರಿ ನೋಡುವ ಹಿರಿಯ ಮುಕಾದಮರು ಗೇಟಿನಲ್ಲೇ ಅಡ್ಡ ನಿಂತರು. ಬಿಳಿ ಧೋತರ, ಬಿಳಿ ರುಮಾಲು, ಮೆಲ್ಲಗಿನ ಮಾತು. ಸಿಟ್ಟು ಬಂದಷ್ಟೂ ಅವರ ದನಿ ಸಣ್ಣದಾಗುತ್ತಿತ್ತು. ಆ ದಿನ ನಾನು ಕಿವಿಗೆ ಕೈ ಇಟ್ಟು ಕೇಳಬೇಕಾಯಿತು.

"ನೀಲವ್ವ, ಮಂದಿ ಮಕ್ಕೊಳ್ಳೂದು ಬ್ಯಾಡೇನು? ಎಂಟು ದಿನ ಟೈಮ್ ಕೊಡತೇನಿ. ಅಲ್ಲೀತನಾ ಗಾಡಿ ತಿರುವಿನಾಗ ನಿಲ್ಲಿಸಿ, ಬುಟ್ಟಿ ಹೊತಗೊಂಡು ಬಾ. ಒಂಬತ್ತನೇ ದಿನ ನಾನ ಇಲ್ಲಿ ನಿಂದರತೇನಿ. ಗಾಡಿ ಸಪ್ಪಳ ಇಲ್ಲದ ಬಂತಂದ್ರ ಜಾಗಾ ನಿಂದು. ಇಲ್ಲಂದ್ರ ಘಟಪ್ರಭಾದಾಂವಂದು ಚಕ್ಕಡಿ ಐತಿ."

ಚಕ್ಕಡಿಯವನು ಆಗಲೇ ಬಂದು ಜಾಗ ನೋಡಿಕೊಂಡು ಹೋಗಿದ್ದನಂತೆ. ತನ್ನ ಎತ್ತುಗಳ ಕೊರಳಿನ ಗಂಟೆಯನ್ನೂ ಬಿಚ್ಚಿದ್ದನಂತೆ. ಕೇಳಿ ನನಗೆ ಮೈಯೆಲ್ಲ ಉರಿಯಿತು.

ಗೋಕಾಕದಲ್ಲಿ ಹುಸೇನಸಾಬ್ ಎಂಬ ಮಿಸ್ತ್ರಿ ಇದ್ದರು. ಅವರಿಗೆ ತೋರಿಸೋಣ ಎಂದರು ಯಜಮಾನರು. ನಾನು ಬೇಡವೆಂದೆ. ಒಲೆ ಬಿರುಕು ಬಿಟ್ಟರೆ ಯಾರಾದರೂ ಮಿಸ್ತ್ರಿಯನ್ನು ಕರೆಯುತ್ತಾರೆಯೇ? ಹುತ್ತದ ಮಣ್ಣು ತಂದೆ, ಸೆಗಣಿ ಕಲಸಿದೆ, ಗಟ್ಟಿಯಾಗಲೆಂದು ಬೆಲ್ಲ ಹಾಕಿದೆ. ಗಾಡಿಯ ಕೆಳಗೆ ಅಂಗಾತ ಮಲಗಿ, ಕೊಳವೆಯ ಮುರಿದ ತುದಿಯಿಂದ ಇಂಜಿನ್ನಿನವರೆಗೆ ಮೂರು ಕೈ ಮೆತ್ತಿದೆ. ಒಂದು ದಿನ ಒಣಗಿದ ಮೇಲೆ ಶುರು ಮಾಡಿದರೆ ಸಪ್ಪಳ ಅರ್ಧ ಇಳಿದಿತ್ತು. ಮುಖದ ಮೇಲೆ ಬಿದ್ದ ಸೆಗಣಿಯನ್ನು ಒರೆಸಿಕೊಳ್ಳದೆ ಓಣಿಯೆಲ್ಲ ಒಮ್ಮೆ ನಡೆದು ಬಂದೆ. ಮಂದಿ ನೋಡಲಿ ಅಂತ.

ಗಾಡಿ ಕಾದಂತೆ ಬೆಲ್ಲ ಕರಗಿತು. ಗೋಕಾಕ ದಾಟುವುದರೊಳಗೆ ಎಲ್ಲಿಂದಲೋ ಹೋಳಿಗೆ ಸುಟ್ಟ ವಾಸನೆ ಬಂತು. ಯಾರ ಮನೆಯಲ್ಲಿ ಹಬ್ಬ ಎಂದು ನಾನೇ ಕೇಳಿದೆ. ಹಿಂದೆ ನೋಡಿದರೆ ರಸ್ತೆಯುದ್ದಕ್ಕೂ ಮಣ್ಣಿನ ಹೆಂಟೆ ಬಿದ್ದಿದ್ದವು, ಪ್ರತಿ ಹೆಂಟೆಗೂ ಇರುವೆ ಮುತ್ತಿದ್ದವು. ಕೊನೆಯ ಹೆಂಟೆ ಬಿದ್ದದ್ದೇ ಗಾಡಿ ಮೊದಲಿಗಿಂತ ಜೋರಾಗಿ ಗುಡುಗಿತು. ನಾಲ್ಕು ದಿನ ಉಳಿದಿದ್ದವು.

ಆಮೇಲೆ ನನಗೆ ಕೌದಿ ಹೊಳೆಯಿತು. ಕೌದಿಯ ಒಳಗಿನ ಸಪ್ಪಳ ಹೊರಗೆ ಬರುವುದಿಲ್ಲ. ಇದನ್ನು ನಮ್ಮ ಮಾವನವರ ಗೊರಕೆಯ ಮೇಲೆ ಪರೀಕ್ಷೆ ಮಾಡಿ ನೋಡಿದವಳು ನಾನು. ಹಳೆಯ ಸೀರೆ ಎಂಟು ಪದರ ಹಾಕಿ, ಸೂಜಿ ಮೂರು ಮುರಿದು, ಕೊಳವೆಗೆ ಅಳತೆಯಾಗಿ ಒಂದು ಕೌದಿ ಹೊಲಿದೆ. ನಾಲ್ಕೂ ಅಂಚಿಗೆ ಕೆಂಪು ಚೌಕಟ್ಟು ಕೂಡ ಇಟ್ಟೆ. ಗಾಡಿಯ ಕೆಳಗೆ ಅದನ್ನು ಯಾರು ನೋಡುತ್ತಾರೆ ಎಂದು ಯಜಮಾನರು ಕೇಳಿದರು. ಕೌದಿಗೆ ಚೌಕಟ್ಟು ಇರಲೇಬೇಕು ಎಂದೆ. ಸುಡದಿರಲಿ ಅಂತ ನೀರಿನಲ್ಲಿ ಅದ್ದಿ, ಹಿಂಡಿ, ಬಿಗಿಯಾಗಿ ಸುತ್ತಿ, ತಂತಿ ಬಿಗಿದೆ.

ಎರಡು ಮೈಲು ಅದು ಕೆಲಸ ಮಾಡಿತು, ಸುಳ್ಳು ಹೇಳುವುದಿಲ್ಲ. ಮೂರನೆಯ ಮೈಲಿಗೆ ನೀರು ಆರಿತು. ಎದುರಿಗೆ ಬಂದ ಕುರಿಗಾರನೊಬ್ಬ ಕೈ ಮಾಡಿ ಏನೋ ಹೇಳಿದ. ನಮಸ್ಕಾರ ಮಾಡಿದನೆಂದು ನಾನೂ ಕೈ ಮುಗಿದೆ. ಅವನು ಹೇಳಿದ್ದು, ನಿಮ್ಮ ಗಾಡಿಗೆ ಬೆಂಕಿ ಬಿದ್ದಿದೆ ಅಂತ. ಸುತ್ತ ಎಲ್ಲೂ ನೀರಿಲ್ಲ. ಯಜಮಾನರು ಹಿಂದೆ ಓಡಿ ಕೈಗೆ ಸಿಕ್ಕ ಗಡಿಗೆ ಎತ್ತಿ ಸುರಿದರು. ಚಾಳಿಗೆ ಒಯ್ಯುತ್ತಿದ್ದ ಗಟ್ಟಿ ಮೊಸರು! ಬೆಂಕಿ ಆರಿತು. ಗಾಡಿಗೆ ಒಗ್ಗರಣೆಯಾಯಿತು.

ಆಗ ಯಜಮಾನರು ನನ್ನನ್ನು ಏನೂ ಕೇಳದೆ ಗಾಡಿಯನ್ನು ಹುಸೇನಸಾಬರ ಮುಂದೆ ಒಯ್ದು ನಿಲ್ಲಿಸಿದರು. ಮಿಸ್ತ್ರಿ ಕೆಳಗೆ ತೂರಿ, ಬಹಳ ಹೊತ್ತು ಹೊರಗೆ ಬರಲಿಲ್ಲ. ಮಣ್ಣು, ಸೆಗಣಿ, ಸುಟ್ಟ ಕೌದಿ, ಒಡೆದ ಮೊಸರು ಎಲ್ಲ ನೋಡಿದ ಮೇಲೆ ತಲೆ ಮಾತ್ರ ಹೊರಗೆ ಹಾಕಿದರು.

"ಅಕ್ಕಾರ, ಇದರ ಕೆಳಗ ಯಾರರ ಸಂಸಾರ ಮಾಡಿದ್ರೇನ್ರಿ?"

ನಾನು ಆಕಡೆ ಮುಖ ಮಾಡಿ ನಿಂತೆ. ಈ ಜಾತಿಯ ಹಳೆಯ ಗಾಡಿಗೆ ಹೊಸ ಸೈಲೆನ್ಸರ್ ಸಿಗುವುದು ಕಷ್ಟ, ಹುಕ್ಕೇರಿಯಲ್ಲಿ ಮೂಲೆಗೆ ಬಿದ್ದ ಒಂದು ಲಾರಿಯದು ತಂದರೆ ಕೂಡಿಸಿಕೊಡುತ್ತೇನೆ, ಮೊದಲಿನದಕ್ಕಿಂತ ಅದೇ ಮೇಲು ಎಂದರು ಮಿಸ್ತ್ರಿ. ಯಜಮಾನರು ಅವತ್ತೇ ಹುಕ್ಕೇರಿಗೆ ಹೋಗಿ ಅದನ್ನು ಹೊತ್ತು ತಂದರು. ಹಂಡೆಯಷ್ಟು ದಪ್ಪ ಇತ್ತು. ಇಲ್ಲಿಗೆ ಸುಮ್ಮನಿದ್ದಿದ್ದರೆ ಈ ಕಥೆ ಹೇಳುವ ಪ್ರಸಂಗ ಬರುತ್ತಿರಲಿಲ್ಲ. ಆದರೆ ಹೊಗೆ ಹಿಂದಿನಿಂದ ಬಂದು ಮೆಂತೆಪಲ್ಯ ಕಪ್ಪಾಗುತ್ತದೆ, ಬೆಲ್ಲದ ಗಾಣದಲ್ಲಿ ಇರುವ ಹಾಗೆ ಕೊಳವೆಯನ್ನು ಮೇಲಕ್ಕೆ ಒಯ್ಯಬೇಕು ಎಂದು ನಾನು ಹಟ ಹಿಡಿದೆ. ಮಿಸ್ತ್ರಿ ತಕರಾರು ಮಾಡಲಿಲ್ಲ. ಡ್ರೈವರ್ ಕೂಡುವ ಜಾಗದ ಹಿಂದಿನಿಂದ ಒಂದಾಳುದ್ದದ ಕೊಳವೆ ನಿಲ್ಲಿಸಿ ಬೆಸುಗೆ ಹಾಕಿದರು.

"ಮ್ಯಾಲ ಬೇಕಂದ್ರಿ, ಮ್ಯಾಲ ಒಯ್ದೇನಿ. ಇನ್ನ ಇದರ ಬಾಯಿಗಿ ಮಾತ್ರ ಏನೂ ಮುಚ್ಚಬ್ಯಾಡ್ರಿ," ಎಂದರು.

ಗಾಡಿ ಶುರುವಾಯಿತು. ಬೆಕ್ಕು ಮಲಗಿದ ಹಾಗೆ ಗುರ್ ಗುರ್ ಅಂದಿತು, ಅಷ್ಟೇ. ಯಜಮಾನರು ಕಣ್ಣು ಒರೆಸಿಕೊಂಡರು. ಹೊಗೆಗೆ ಇರಬೇಕು.

ಮನೆಗೆ ಬಂದು ನೋಡುತ್ತೇನೆ, ಕೊಳವೆ ಮುಗಿಲಿಗೆ ಬಾಯಿ ತೆರೆದು ನಿಂತಿದೆ. ಮೃಗಶಿರಾ ಮಳೆ ಹತ್ತಿರ ಬಂದಿತ್ತು. ನೀರು ಒಳಗೆ ಇಳಿಯುವುದಿಲ್ಲವೇ? ನಮ್ಮ ಕಡೆ ಮಣ್ಣಿನ ಮಾಳಿಗೆಯ ಬೆಳಕಿಂಡಿಗೆ ಮಳೆಗಾಲದಲ್ಲಿ ಗಡಿಗೆ ಬೋರಲು ಹಾಕುತ್ತಾರೆ. ನಾನು ಒಂದು ಹೊಸ ಗಡಿಗೆ ತೆಗೆದುಕೊಂಡು ನಾಲ್ಕು ತೂತು ಕೊರೆಯಲು ಕೂತೆ.

"ಮಿಸ್ತ್ರಿ ಬ್ಯಾಡ ಅಂದಾನ," ಎಂದರು ಯಜಮಾನರು.

"ಮಿಸ್ತ್ರಿ ಮನ್ಯಾಗ ಮಳಿ ಬಂದ್ರ ಬೆಳಕಿಂಡಿಗಿ ಏನ್ ಹಾಕತಾನ? ಅವನೂ ಗಡಿಗೀನ ಹಾಕತಾನ."

ಯಜಮಾನರು ಸುಮ್ಮನಾದರು. ಅವರು ಸುಮ್ಮನಾದರೆ ಒಪ್ಪಿದರು ಎಂದು ತಿಳಿಯುವುದು ನನ್ನ ರೂಢಿ. ಗಡಿಗೆಯನ್ನು ಕೊಳವೆಗೆ ಬೋರಲು ಹಾಕಿ, ತಂತಿ ಸುತ್ತಿ, ಸುತ್ತಲೂ ಮಣ್ಣು ಮೆತ್ತಿದೆ. ಗಾಡಿ ಶುರು ಮಾಡಿದಾಗ ಎರಡು ತೂತಿನಿಂದ ಪೀಪಿ ಊದಿದ ಹಾಗೆ ಸಿಳ್ಳೆ ಬಂತು. ಮುಕಾದಮರಿಗೆ ಸಿಳ್ಳೆ ಹೊಡೆದುಕೊಂಡು ಹೋಗುವುದು ಮರ್ಯಾದೆಯಲ್ಲ. ಆ ಎರಡನ್ನೂ ಮುಚ್ಚಿದೆ. ಉಳಿದೆರಡನ್ನು ಮಸಿ ತಾನೇ ಮುಚ್ಚಿಕೊಂಡಿತು. ಅದು ನನಗೆ ಆಮೇಲೆ ಗೊತ್ತಾಯಿತು.

ಒಂಬತ್ತನೆಯ ದಿನ ಬಂತು. ಗಾಡಿ ಯಾಕೋ ಏದುಸಿರು ಬಿಡುತ್ತ ಹೋಗುತ್ತಿತ್ತು. ಬಹಳ ಬದನೆಕಾಯಿ ಹೇರಿದ್ದೇವೆ ಎಂದುಕೊಂಡೆ. ಚಾಳಿನ ಗೇಟಿಗೆ ಇಳುಕಲಿನ ರಸ್ತೆ. ಪೆಟ್ರೋಲ್ ಉಳಿಸಲು ಇಳುಕಲಿನಲ್ಲಿ ಚಾವಿ ಬಂದ್ ಮಾಡಿ, ಗಾಡಿಯನ್ನು ಗೇರಿನಲ್ಲೇ ಸುಮ್ಮನೆ ಉರುಳಲು ಬಿಟ್ಟು, ಕೆಳಗೆ ಹೋದ ಮೇಲೆ ಚಾವಿ ತಿರುಗಿಸುವುದು ಯಜಮಾನರ ಹಳೆಯ ಚಟ. ದಿನಾ ಅದಕ್ಕೆ ನಾನು ಬೈಯುತ್ತಿದ್ದೆ. ಅವತ್ತು ನಾನೇ ಹೇಳಿದೆ, ಬಂದ್ ಮಾಡಿರಿ, ಎಲೆ ಬಿದ್ದಷ್ಟೂ ಸಪ್ಪಳ ಆಗಬಾರದು ಅಂತ. ಗಾಡಿ ನೀರಿನ ಮೇಲಿನ ದೋಣಿಯ ಹಾಗೆ ಇಳಿಯಿತು. ಗೇಟಿನಲ್ಲಿ ಮುಕಾದಮರು ಬಿಳಿ ಧೋತರದಲ್ಲಿ ನಿಂತಿದ್ದರು. ಅವರ ಹಿಂದೆ ಬುಟ್ಟಿ ಹಿಡಿದ ಹೆಂಗಸರು, ಹೆಂಗಸರ ಹಿಂದೆ ಒಗೆದು ಒಣಹಾಕಿದ ಬಿಳಿ ಹಾಸಿಗೆ ಬಟ್ಟೆಗಳ ಸಾಲು. ಮುಕಾದಮರು ತಲೆ ಅಲ್ಲಾಡಿಸಿದರು. ಮೆಚ್ಚಿಕೊಂಡರು! ನಾನು ಗಾಡಿಯಿಂದ ಅರ್ಧ ಹೊರಗೆ ಬಾಗಿ ಎಲ್ಲರನ್ನೂ ಒಮ್ಮೆ ನೋಡಿ, ಚಾವಿ ತಿರುಗಿಸಿರಿ, ಶುರುವಾದ ಮೇಲೂ ಸಪ್ಪಳ ಹೇಗಿದೆ ಕೇಳಿಬಿಡಲಿ ಎಂದೆ.

ಯಜಮಾನರು ಚಾವಿ ತಿರುಗಿಸಿದರು.

ಇಳುಕಲಿನುದ್ದಕ್ಕೂ ಸುಡದ ಪೆಟ್ರೋಲ್ ಹೋಗಿ ಕೊಳವೆಯಲ್ಲಿ ಕೂತಿರುತ್ತದೆ, ಕಿಡಿ ತಾಗಿದ್ದೇ ಒಮ್ಮೆಲೇ ಹಾರುತ್ತದೆ, ಬಾಯಿ ಮುಚ್ಚಿದ್ದರೆ ಮುಚ್ಚಿದ್ದನ್ನು ಹೊತ್ತುಕೊಂಡೇ ಹಾರುತ್ತದೆ ಎಂದು ಹುಸೇನಸಾಬರು ಮುಂದೊಂದು ದಿನ ಬಿಡಿಸಿ ಹೇಳಿದರು. ಆ ಹೊತ್ತಿಗೆ ನನಗೆ ಗೊತ್ತಾದದ್ದು ಇಷ್ಟೇ: ತೋಪು ಹಾರಿತು. ಗಡಿಗೆ ನೂರು ಚೂರಾಗಿ ಮುಗಿಲಿಗೆ ಹೋಯಿತು. ಮಸಿ ಮಾತ್ರ ಅವಸರ ಮಾಡಲಿಲ್ಲ. ಕಪ್ಪು ಮೋಡವಾಗಿ ಮೇಲೆ ನಿಂತು, ಎಲ್ಲರನ್ನೂ ಎಣಿಸಿದ ಹಾಗೆ ನೋಡಿ, ಮೆಲ್ಲಗೆ ಇಳಿಯಿತು. ಮುಕಾದಮರ ರುಮಾಲಿನ ಮೇಲೆ, ಧೋತರದ ಮೇಲೆ, ಹೆಂಗಸರ ಮೇಲೆ, ಕೊನೆಗೆ ಅಷ್ಟೂ ಹಾಸಿಗೆ ಬಟ್ಟೆಯ ಮೇಲೆ.

ಆಮೇಲೆ ಎಲ್ಲ ಕಡೆ ಶಾಂತವಾಯಿತು. ಎಂಟು ದಿನದಿಂದ ನಾನು ಹುಡುಕುತ್ತಿದ್ದ ಶಾಂತಿ ಅದೇ.

ಒಂದು ಮಾತು ಒಪ್ಪಿಕೊಳ್ಳಬೇಕು. ಇಷ್ಟಾದರೂ ಚಾಳಿನ ಒಂದು ಬಾಗಿಲೂ ತೆರೆಯಲಿಲ್ಲ. ವರ್ಷಗಟ್ಟಲೆ ಮಗ್ಗದ ಸಪ್ಪಳ ಕೇಳಿದ ಮಂದಿ, ಒಂದು ಸಲ ಢಂ ಅಂದದ್ದಕ್ಕೆ ಮಗ್ಗುಲು ಬದಲಿಸಿ ಮಲಗಿದ್ದರು. ಮುಕಾದಮರು ಮುಖ ಒರೆಸಿಕೊಂಡು, "ಮುಗೀತೇನು?" ಎಂದಷ್ಟೇ ಕೇಳಿದರು. ನಾನು ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಸತ್ಯವ್ವ ಎಂಬಾಕೆ ತನ್ನ ಹಾಸಿಗೆ ಬಟ್ಟೆ ಕಡೆ ನೋಡಿ, ಚಕ್ಕಡಿಯವನೇ ಚಲೊ ಇದ್ದ ಎಂದು ಗೊಣಗಿದಳು. ಅದು ನನ್ನ ಕಿವಿಗೆ ಬಿತ್ತು.

ನಾನು ಗಾಡಿಯಿಂದ ಇಳಿದೆ. ಸತ್ಯವ್ವನಿಂದ ಶುರು ಮಾಡಿದೆ. ಹುಳುಕು ಬದನೆಕಾಯಿ ಎಂದು ಸುಳ್ಳು ಹೇಳಿ ಬದಲಿ ಒಯ್ದವಳು ಅವಳು. ಗಂಗವ್ವ ಮೊಸರಿನ ಪಾತ್ರೆ ತಿರುಗಿ ಕೊಟ್ಟಿರಲಿಲ್ಲ. ಮೂರನೆಯ ಬಾಗಿಲಿನ ನಿಂಗಪ್ಪ ಬೆಳಿಗ್ಗೆ ಬುಟ್ಟಿಯಿಂದ ಸೌತೆಕಾಯಿ ಎತ್ತಿ ಕಚ್ಚಿಕೊಂಡು ಹೋಗಿ ಏನೂ ಅರಿಯದವನಂತೆ ಮಲಗುತ್ತಿದ್ದ. ಒಬ್ಬೊಬ್ಬರ ಹೆಸರು ಹಿಡಿದು, ತಂದೆಯ ಹೆಸರು ಸಹಿತ, ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಹೇಳುತ್ತ ಹೋದೆ. ಒಂದೊಂದಾಗಿ ಬಾಗಿಲು ತೆರೆದವು. ಕಣ್ಣು ಉಜ್ಜಿಕೊಳ್ಳುತ್ತ, ಟವೆಲ್ ಸುತ್ತಿಕೊಳ್ಳುತ್ತ ಗಂಡಸರು ಹೊರಗೆ ಬಂದರು. ನಿಂಗಪ್ಪ ಹೊಸ್ತಿಲಲ್ಲಿ ನಿಂತು ಯಾರು ತೀರಿಕೊಂಡರು ಎಂದು ಕೇಳಿದ.

ನನ್ನ ಉಸಿರು ಮುಗಿದು ತಿರುಗಿ ನೋಡುತ್ತೇನೆ. ಯಜಮಾನರು ಕೊಳವೆಗೆ ಉಳಿದಿದ್ದ ಗಡಿಗೆಯ ಕಂಠ ಕಿತ್ತು ಬಿಸಾಕಿ, ಗಾಡಿ ಶುರು ಮಾಡಿ ಕೂತಿದ್ದಾರೆ. ಬೆಕ್ಕು ಮಲಗಿದ ಹಾಗೆ ಗುರ್ ಗುರ್. ಮುಕಾದಮರು ಬಾಗಿ ಕಿವಿಗೊಟ್ಟು ಕೇಳಿದರು. ಗಾಡಿಯನ್ನು ನೋಡಿದರು, ನನ್ನನ್ನು ನೋಡಿದರು. ಅವರ ದನಿ ಎಷ್ಟು ಸಣ್ಣಗಾಗಿತ್ತೆಂದರೆ ತುಟಿ ನೋಡಿ ತಿಳಿದುಕೊಂಡೆ.

"ಗಾಡಿ ಒಳಗ ಬರಲಿ. ಇಕಿ ಹೊರಗ ಇರಲಿ."

ವ್ಯಾಪಾರ ಉಳಿಯಿತು. ಮೂಡಲಗಿ ಸಂತೆಗೆ ನಾನು ಬುಟ್ಟಿ ಹೊರಬೇಕಾಗಿ ಬರಲಿಲ್ಲ. ಹಾಸಿಗೆ ಬಟ್ಟೆಗಳನ್ನು ಮಾತ್ರ ಹೊತ್ತು ಹೊಳೆಗೆ ಒಯ್ದು, ಮೂರು ದಿನ ಒಗೆದು ಕೊಟ್ಟೆ. ಅಂದಿನಿಂದ ನಾನು ಗೇಟಿನ ಹೊರಗೆ ಇಳಿದು ಕೂಡುವುದು, ಯಜಮಾನರು ಒಬ್ಬರೇ ಒಳಗೆ ಹೋಗಿ ಮಾರಿಕೊಂಡು ಬರುವುದು. ನಾನಿದ್ದಾಗ ಒಂದು ತಾಸು ಹಿಡಿಯುತ್ತಿತ್ತು. ಅವರು ಅರ್ಧ ತಾಸಿನಲ್ಲಿ ಖಾಲಿ ಮಾಡಿ ಬರುತ್ತಿದ್ದರು. ಇದರ ಕಾರಣವನ್ನು ನಾನು ಅವರನ್ನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮಳೆಗಾಲ ಬಂತು. ಹೊಳೆ ತುಂಬಿ ಚಾಳಿನ ಮಗ್ಗುಲಿನ ಧಬಧಬೆ ಬೋರ್ಗರೆಯತೊಡಗಿತು. ಗೇಟಿನಲ್ಲಿ ಕೂತರೆ ನೆಲ ನಡುಗುವುದು ಗೊತ್ತಾಗುತ್ತಿತ್ತು. ಒಂದು ದಿನ ನನಗೆ ತಡೆಯಲಾಗಲಿಲ್ಲ. ಗೇಟಿನ ಕಾವಲುಗಾರನನ್ನು ಕೇಳಿದೆ, ಹಗಲೂ ರಾತ್ರಿ ಇದು ಇಷ್ಟು ಒದರುತ್ತದಲ್ಲ, ಇದರ ಮಗ್ಗುಲಿಗೇ ಈ ಮಂದಿ ಗೊರಕೆ ಹೊಡೆಯುತ್ತಾರಲ್ಲ, ನಾನೊಬ್ಬಳೇ ಏನು ಪಾಪ ಮಾಡಿದ್ದೆ ಅಂತ.

ಅವನು ಬೀಡಿ ಆರಿಸಿ ಹೇಳಿದ.

"ಯಕ್ಕಾ, ಅದು ಯಾರ ಹೆಸರೂ ಹಿಡದು ಒದರಂಗಿಲ್ಲ."