ಅಮ್ಮನ ನೌಕರಿಗೆ ಒಂದು ಅಡ್ಡಗೆರೆ

ನಮ್ಮ ಸೋದರಮಾವ ಇಂಗ್ಲಿಷರನ್ನು ಎರಡು ಕಾರಣಕ್ಕೆ ಕ್ಷಮಿಸಿರಲಿಲ್ಲ. ಒಂದು, ಅವರು ನಮ್ಮ ದೇಶವನ್ನು ಆಳಿದ್ದು. ಇನ್ನೊಂದು, ಹೋಗುವಾಗ ಅಡ್ಡಗೆರೆಯ ನಿಯಮಗಳನ್ನು ಯಾರಿಗೂ ಸರಿಯಾಗಿ ಹೇಳಿಕೊಡದೆ ಹಡಗು ಹತ್ತಿದ್ದು. ಎರಡರಲ್ಲಿ ಯಾವುದು ದೊಡ್ಡ ಅಪರಾಧ ಎಂದು ಕೇಳಿದರೆ ಸ್ವಲ್ಪ ಹೊತ್ತು ಯೋಚಿಸುತ್ತಿದ್ದರು.

ಮಾವ ಚಿಂತಾಮಣಿಯಲ್ಲಿ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ಅಡ್ಡಗೆರೆ ಎಂದರೆ ಬೇರೇನಲ್ಲ, ಹೈಫನ್. ಎರಡು ತುಂಡುಗಳನ್ನು ಜೋಡಿಸಲು, ಇಲ್ಲವೇ ಸಾಲಿನ ಕೊನೆಯಲ್ಲಿ ಜಾಗ ಸಾಲದ ಪದವನ್ನು ಮುರಿಯಲು ಹಾಕುತ್ತೇವಲ್ಲ, ಆ ಪುಟ್ಟ ಗೀಟು. ಮನೆಗೆ ಲಗ್ನಪತ್ರಿಕೆ ಬಂದರೆ ನಾವೆಲ್ಲ ಮುಹೂರ್ತ ನೋಡುತ್ತಿದ್ದೆವು. ಮಾವ ಸಾಲುಗಳ ಬಲ ಅಂಚು ನೋಡುತ್ತಿದ್ದರು. ಅಂಚು ಕೆಟ್ಟಿದ್ದರೆ ಮದುವೆಗೆ ಹೋಗುತ್ತಿರಲಿಲ್ಲ. ಊಟ ಚೆನ್ನಾಗಿರುತ್ತದೆಂದು ಗೊತ್ತಿದ್ದರೆ ಮಾತ್ರ ಹೋಗಿ, ಊಟವಾದ ಮೇಲೆ ತಪ್ಪು ಹೇಳಿ ಬರುತ್ತಿದ್ದರು.

ಶಿಡ್ಲಘಟ್ಟದಲ್ಲಿ ಹೊಸದಾಗಿ ‘ಶ್ರೀ ಮಂಗಳ ಬಟ್ಟೆ ಅಂಗಡಿ’ ಶುರುವಾಯಿತು. ಬೋರ್ಡು ಬರೆದವನು ಮೇಲಿನ ಸಾಲಿನಲ್ಲಿ ಜಾಗ ಸಾಲದೆ ‘ಶ್ರೀ ಮಂಗ’ ಎಂದು ನಿಲ್ಲಿಸಿ, ‘ಳ’ವನ್ನು ಕೆಳಗಿನ ಸಾಲಿಗೆ ತಳ್ಳಿದ್ದ. ಮಾವ ಬಸ್ಸಿನಿಂದ ಇಳಿದವರೇ ಅಂಗಡಿಗೆ ನುಗ್ಗಿ, ‘ಮಂಗ’ದ ಮುಂದೆ ಒಂದು ಅಡ್ಡಗೆರೆ ಎಳೆಸಿದರೆ ಎಲ್ಲ ಸರಿಹೋಗುತ್ತದೆ ಎಂದರು.

ಅಂಗಡಿಯವರು ಬೋರ್ಡನ್ನು ಬಹಳ ಹೊತ್ತು ನೋಡಿ, “ಬ್ಯಾಡಿ ಮೇಷ್ಟ್ರೇ. ಈಗ ಬರೀ ಮಂಗ ಐತೆ. ಗೆರೆ ಎಳುದ್ರೆ ಬಾಲಾನೂ ಬರ್ತದೆ” ಎಂದರು.

ಸಣ್ಣ ಇಂಗ್ಲಿಷ್ ಪದಗಳ ಮೇಲೂ ಮಾವನಿಗೆ ಗುಮಾನಿ. ಉದ್ದ ಪದ ಒಂದೇ ಕೆಲಸ ಮಾಡಿಕೊಂಡು ಮರ್ಯಾದೆಯಾಗಿ ಇರುತ್ತದೆ, ಸಣ್ಣದು ಹತ್ತು ಮನೆ ಸುತ್ತುತ್ತದೆ ಎನ್ನುವುದು ಅವರ ವಾದ. ಒಮ್ಮೆ ಊಟಕ್ಕೆ ಕೂತಾಗ ‘ಸೈನ್’ ಎಂಬ ಪದವನ್ನು ಹಿಡಿದರು. ಸಹಿ ಹಾಕುವುದು ಸೈನ್, ಕಣ್ಸನ್ನೆ ಮಾಡುವುದು ಸೈನ್, ಲೆಕ್ಕದ ಕೂಡು ಕಳೆ ಗುರುತು ಸೈನ್, ಜಾತಕದ ರಾಶಿ ಸೈನ್, ಅಂಗಡಿಯ ಬೋರ್ಡು ಸೈನ್, ಕಾಯಿಲೆಯ ಲಕ್ಷಣ ಸೈನ್, ಮಳೆ ಬರುವ ಸೂಚನೆಯೂ ಸೈನ್. ಏಳು ಅರ್ಥ ಮುಗಿಯುವಷ್ಟರಲ್ಲಿ ಮುದ್ದೆ ಕಲ್ಲಾಗಿತ್ತು.

“ಎಂಟನೇದು ನಂಗೊತ್ತು” ಎಂದರು ಅಜ್ಜಿ. ಅವರಿಗೆ ಓದು ಬರಹ ಬರುತ್ತಿರಲಿಲ್ಲ.

“ಏನಮ್ಮ ಅದು?”

“ಹೆಬ್ಬೆಟ್ಟು.”

ಮಾವ ಮುದ್ದೆ ಮುರಿದರು.

ಇಂಥ ಮಾವನ ಮನೆಗೆ ಅರವತ್ತರ ದಶಕದ ಒಂದು ಬೆಳಿಗ್ಗೆ ನಮ್ಮಮ್ಮ ನನ್ನನ್ನೂ ತಂಗಿಯನ್ನೂ ಕರೆದುಕೊಂಡು ಅಳುತ್ತ ಬಂದರು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅಮ್ಮ ಕೆಂಚಾರ್ಲಹಳ್ಳಿ ಕಡೆಯ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದರು. ನಮ್ಮ ಮೂವರ ಅನ್ನ ಆ ನೌಕರಿಯದೇ. ಮೇಲಿನ ಕಚೇರಿಯಿಂದ ಅವರಿಗೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ಕಾಗದವೊಂದು ಬಂದಿತ್ತು. ಹೆಡ್‌ಮಾಸ್ಟರು ಓದಿ, “ರಿಸೈನ್ ಮಾಡ್ಬೇಕಂತೆ ಕಣಮ್ಮ” ಎಂದಿದ್ದರು. ಅಷ್ಟೇ ಅಲ್ಲ, ‘ತಮ್ಮ ಆಜ್ಞೆಯಂತೆ ನಾನು ರಿಸೈನ್ ಮಾಡುತ್ತೇನೆ’ ಎಂದು ಇಂಗ್ಲಿಷಿನಲ್ಲಿ ತಾವೇ ಒಂದು ಸಾಲು ಬರೆದು, ಅಮ್ಮನಿಂದ ಸಹಿ ಹಾಕಿಸಿ, ಅಂದೇ ಕಚೇರಿಗೆ ಕಳಿಸಿಬಿಟ್ಟಿದ್ದರು.

ಮಾವ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಸಾಲು ‘ರೀ’ ಎಂಬಲ್ಲಿ ಅಡ್ಡಗೆರೆಯೊಂದಿಗೆ ಮುಗಿದಿತ್ತು. ಮುಂದಿನ ಸಾಲು ‘ಸೈನ್’ ಎಂದು ಶುರುವಾಗಿತ್ತು.

“ಈ ಗೆರೆ ಜಾಗ ಸಾಲದೆ ಪದ ಮುರಿಯಕ್ಕೆ ಹಾಕಿದ್ದಲ್ಲ ಕಣೇ” ಎಂದರು. “ಇದು ಪದದ್ದೇ ಗೆರೆ. ಗೆರೆ ಇಲ್ದಿದ್ರೆ ರಿಸೈನ್, ರಾಜೀನಾಮೆ. ಗೆರೆ ಇದ್ರೆ ರೀ-ಸೈನ್, ಇನ್ನೊಂದ್ಸಲ ಸಹಿ ಹಾಕು ಅಂತ. ನಿನ್ನ ಕೆಲಸ ಎಲ್ಲೂ ಹೋಗಿಲ್ಲ. ಮುಖ ತೊಳ್ಕೊ, ಹೋಗಣ.”

ನಮ್ಮನ್ನು ಅಜ್ಜಿಯ ಹತ್ತಿರ ಬಿಟ್ಟು ಇಬ್ಬರೂ ಬಸ್ಸು ಹಿಡಿದರು. ಕಚೇರಿಯಲ್ಲಿ ನಡೆದದ್ದನ್ನು ಅಮ್ಮ ಮುಂದೆ ನಮಗೆ ಎಷ್ಟೋ ಸಲ ಹೇಳಿದ್ದಾರೆ. ಗುಮಾಸ್ತರು ಫೈಲು ತೆಗೆದು ನೋಡಿದರೆ ಮಾವನ ಮಾತೇ ನಿಜ. ಅಮ್ಮ ಓದಿದ್ದು ಗಡಿಯಾಚೆ, ತೆಲುಗಿನಲ್ಲಿ. ಕೆಲಸಕ್ಕೆ ಸೇರಿದ ದಿನ ಗಾಬರಿಯಲ್ಲಿ ಅರ್ಜಿಗೆ ತೆಲುಗಿನಲ್ಲಿ ಸಹಿ ಹಾಕಿದ್ದರು, ಆಮೇಲಿನದೆಲ್ಲ ಕನ್ನಡದಲ್ಲಿ. ಎರಡೂ ತಾಳೆಯಾಗದೆ, ಇನ್ನೊಮ್ಮೆ ಸಹಿ ಹಾಕಿ ಎಂದು ಕಚೇರಿಯವರು ಬರೆದಿದ್ದರು.

“ಆದ್ರೆ ಈಗೇನ್ ಮಾಡದು? ಅವ್ರೇ ರಾಜೀನಾಮೆ ಕೊಟ್ಬಿಟ್ಟವ್ರಲ್ಲ. ಸಾಹೇಬ್ರ ಮೇಜಿನ ಮೇಲೈತೆ” ಎಂದರು ಗುಮಾಸ್ತರು.

ಮಾವ ಸೀದಾ ಸಾಹೇಬರ ಮುಂದೆ ಹೋಗಿ ನಿಂತರು. ವಿಷಯ ಹೇಳಿ, ಆ ಕಾಗದವನ್ನು ಒಮ್ಮೆ ನೋಡಬಹುದೇ ಎಂದು ಕೇಳಿದರು. ಸಾಹೇಬರು ಕೊಟ್ಟರು. ಮಾವ ಜೇಬಿನಿಂದ ಪೆನ್ನು ತೆಗೆದು, ಅವರ ಕಣ್ಣೆದುರೇ ‘ರೀ’ಗೂ ‘ಸೈನ್’ಗೂ ನಡುವೆ ಒಂದು ಪುಟ್ಟ ಗೆರೆ ಎಳೆದು ಹಿಂದಿರುಗಿಸಿದರು.

ಸಾಹೇಬರು ಓದಿದರು. ‘ತಮ್ಮ ಆಜ್ಞೆಯಂತೆ ನಾನು ಮತ್ತೆ ಸಹಿ ಹಾಕುತ್ತೇನೆ.’ ಕೆಳಗೆ ಅಮ್ಮನ ಸಹಿ, ಕನ್ನಡದಲ್ಲಿ.

“ಇದು ತಿದ್ದಿದ್ದಲ್ವೇನ್ರಿ ಮೇಷ್ಟ್ರೇ?”

“ತಿದ್ದಿದ್ದಲ್ಲ ಸ್ವಾಮಿ, ಕಾಗುಣಿತ. ಹೆಡ್‌ಮಾಸ್ಟ್ರು ಆತುರದಲ್ಲಿ ಬಿಟ್ಟಿದ್ರು.”

ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡು ಇನ್ನೊಮ್ಮೆ ಓದಿದರು. ಆಮೇಲೆ ಗುಮಾಸ್ತರನ್ನು ಕರೆದು, “ಈ ಕಾಗದ ಸರಿಯಾಗೇ ಐತೆ. ಫೈಲಿಗೆ ಸೇರಿಸ್ರಿ. ಆಯಮ್ಮನ ಹತ್ರ ಅರ್ಜಿಗೆ ಸಹಿ ತಗೊಳ್ಳಿ” ಎಂದರು. ಅಮ್ಮ ಸಹಿ ಹಾಕಿದರು. ಆಮೇಲೆ ಇಪ್ಪತ್ತಾರು ವರ್ಷ ಅದೇ ಸಹಿ ಹಾಕಿ ನಿವೃತ್ತರಾದರು.

ಹಿಂತಿರುಗುವ ಬಸ್ಸಿನಲ್ಲಿ ಅಮ್ಮ ಕೇಳಿದರಂತೆ: “ಅಣ್ಣಯ್ಯ, ಗೆರೆ ಸಾಲಿನ ಕೊನೇಲಿದ್ರೆ, ಅದು ಮುರಿಯಕ್ಕೆ ಹಾಕಿದ್ದೋ ಪದದ್ದೋ ಅಂತ ಹೆಂಗ್ ಗೊತ್ತಾಗ್ತದೆ?”

ಮಾವ ಕಿಟಕಿಯ ಕಡೆ ತಿರುಗಿದರು.

“ಗೊತ್ತಾಗಲ್ಲ ಕಣಮ್ಮ. ಎರಡೂ ಒಂದೇ ಥರ ಇರ್ತವೆ.”

“ಮತ್ತೆ ಬೆಳಿಗ್ಗೆ ಅಷ್ಟು ಖಂಡಿತವಾಗಿ ಹೇಳಿದ್ಯಲ್ಲ?”

“ನೀನು ಅಳ್ತಿದ್ದೆ” ಎಂದರು ಮಾವ.