ಚಂದ್ರಿಕೆಯ ಮೇಲೆ ಹರವಿದ ಅಂಗಿ

ರೇಷ್ಮೆ ಬೆಳೆಗಾರರಿಗೆ ಹುಳು ಸಾಕುವ ಪಾಠ ಹೇಳುತ್ತಾ ಊರೂರು ಸುತ್ತುವುದು ನನ್ನ ಕೆಲಸ. ಜೊತೆಗೆ ಒಯ್ಯುವುದು ಎರಡೇ ಅಂಗಿ. ಹೋದಲ್ಲೆಲ್ಲ ಒಗೆದುಕೊಳ್ಳಬೇಕು, ಒಗೆದಲ್ಲೆಲ್ಲ ಏನಾದರೊಂದು ಎಡವಟ್ಟು ಆಗಲೇಬೇಕು. ನೆನೆದರೆ ನಗು ಬರುತ್ತದೆ, ಅದಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ.

೧. ರಾಮನಗರದ ಲಾಡ್ಜು

ಬಚ್ಚಲಿನ ಗೋಡೆಯ ಮೇಲೆ ‘ಇಲ್ಲಿ ಬಟ್ಟೆ ಒಗೆಯಬಾರದು’ ಎಂದು ಬರೆದಿತ್ತು. ನಲ್ಲಿ ಸಣ್ಣಗೆ ಬಿಟ್ಟುಕೊಂಡು ಕಳ್ಳನ ಹಾಗೆ ಒಗೆದೆ. ಸರಿಯಾಗಿ ಹಿಂಡುವ ವ್ಯವಧಾನವೂ ಇಲ್ಲದೆ ಮಹಡಿಯ ಕಿಟಕಿಯಾಚೆ ನೇತುಹಾಕಿದೆ. ಐದೇ ನಿಮಿಷಕ್ಕೆ ಮ್ಯಾನೇಜರ್ ಬಾಗಿಲು ತಟ್ಟಿದರು. ತಲೆಯೆಲ್ಲ ಒದ್ದೆ.

“ಸಾರ್, ಬಟ್ಟೆ ಏನಾದ್ರೂ ಒಗೆದ್ರಾ?”

“ಇಲ್ವಲ್ಲಾ,” ಎಂದೆ. ಆ ವಯಸ್ಸಾದವರ ಮುಂದೆ ಸುಳ್ಳು ಹೇಳಬಾರದಿತ್ತು.

ಅವರು ಕಿವಿಯ ಮೇಲಿದ್ದ ನೊರೆ ಒರೆಸಿಕೊಂಡು, “ಹಂಗಾದ್ರೆ ಇವತ್ತು ಮಳೇನೇ ಸೋಪ್ ಹಾಕ್ಕೊಂಡು ಬಂದೈತೆ ಬುಡಿ,” ಎಂದು ಇಳಿದು ಹೋದರು.

೨. ಕನಕಪುರದ ಬಸ್ಸು

ದೊಡ್ಡಆಲಹಳ್ಳಿಗೆ ಹೋಗುವಾಗ ಒಣಗದ ಬನಿಯನ್ನನ್ನು ಬಸ್ಸಿನ ಕಿಟಕಿಯಾಚೆ ಹಿಡಿದುಕೊಂಡಿದ್ದೆ. ಕೈ ಜಾರಿತು. ಹಿಂದಿನ ಕಿಟಕಿಯಿಂದ ಒಳಗೆ ಬಂದು ಒಬ್ಬ ಹಿರಿಯರ ಇಸ್ತ್ರಿ ಅಂಗಿಗೆ ಪಟ್ಟನೆ ಬಡಿಯಿತು. ಅವರು ಮಗನಿಗೆ ಹೆಣ್ಣು ಕೇಳಲು ಹೊರಟಿದ್ದವರಂತೆ. ಒಳ್ಳೇ ಕೆಲಸಕ್ಕೆ ಹೊರಟವರ ಅಂಗಿ ಕೆಡಿಸಿದೆನಲ್ಲ ಎಂದು ಕೈ ಮುಗಿದೆ.

“ಇರ್ಲಿ ಬುಡಪ್ಪ,” ಎಂದರು. “ಕೇಳುದ್ರೆ ಬೆವರು ಅಂತೀನಿ. ಒಂದೆಕ್ರೆ ಇಟ್ಕೊಂಡು ಮೂರೆಕ್ರೆ ಅಂತ ಹೇಳಕ್ಕೆ ಹೋಯ್ತಾ ಇರೋನು, ಒಸಿ ಬೆವರ್ದೇ ಇದ್ದೀನಾ?”

೩. ಗುಡೇಮಾರನಹಳ್ಳಿಯ ಚಂದ್ರಿಕೆ

ಅಲ್ಲಿ ಒಬ್ಬ ರೈತ ದಂಪತಿಯ ಮನೆಯಲ್ಲಿ ಉಳಿದಿದ್ದೆ. ಸಂಜೆ ಅಂಗಿ ಒಗೆದು, ಜಗಲಿಗೆ ಒರಗಿಸಿದ್ದ ಬಿದಿರಿನ ಚಂದ್ರಿಕೆಯ ಮೇಲೆ ಹರವಿದೆ. ಹಣ್ಣಾದ ಹುಳು ಗೂಡು ಕಟ್ಟುವುದು ಅದರಲ್ಲೇ. ಬೆಳಗ್ಗೆ ನೋಡಿದರೆ ನನ್ನ ಅಂಗಿಯ ಸುತ್ತ ಹುಳು ಬಿಟ್ಟಿದ್ದಾರೆ.

“ನೀವೇ ಹಾಕಿದ್ರಲ್ಲ, ಏನೋ ಹೊಸಾ ಪದ್ಧತಿ ಇರ್ಬೇಕು ಅಂತ ಹಂಗೇ ಬುಟ್ಟೆ ಸಾ,” ಎಂದರು ಮನೆಯಾಕೆ.

ಆಗಲೇ ನಿಜ ಹೇಳಬೇಕಿತ್ತು. ಪಾಠ ಹೇಳುವವನ ಜಂಬ ಬಿಡಲಿಲ್ಲ. “ಹೂಂ” ಎಂದು ಬಸ್ಸು ಹತ್ತಿದೆ. ಆಕೆ ಫೋಟೊ ತೆಗೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದರು. ನನ್ನ ಗ್ರಹಚಾರಕ್ಕೆ ಆ ಸಲ ಗೂಡು ಚೆನ್ನಾಗಿಯೇ ಬಂತು.

ಮುಂದಿನ ಬೆಳೆಗೆ ಹೋದಾಗ ನಾಲ್ಕು ಮನೆಯ ಚಂದ್ರಿಕೆಗಳ ಮೇಲೆ ನಾಲ್ಕು ಅಂಗಿ. ಬೆವರಿನ ನಾತಕ್ಕೆ ಹುಳು ಗೂಡು ಕಟ್ಟದೆ ಸೊರಗಿ ಬಿದ್ದಿದ್ದವು. ತಿಂಗಳೆಲ್ಲ ಸೊಪ್ಪು ಕೊಯ್ದು ಹಾಕಿದವರ ಶ್ರಮ ನನ್ನ ಒಂದು “ಹೂಂ”ಗೆ ಹಾಳಾಗಿತ್ತು. ಆ ಪಾಪ ನನ್ನದೇ.

ಎಲ್ಲರನ್ನೂ ಕರೆದು ಹೇಳಿದೆ. “ತಪ್ಪು ನಂದು. ಅದು ಪದ್ಧತಿ ಅಲ್ಲ. ನಾನು ಅಂಗಿ ಒಗೆದು ಒಣಗಾಕಿದ್ದೆ, ಅಷ್ಟೇ.”

ಮನೆಯಾಕೆ ತಮ್ಮ ಚಂದ್ರಿಕೆಯ ಮೇಲಿದ್ದ ಅಂಗಿ ಎಳೆದುಕೊಂಡರು. ಆಮೇಲೆ ಕೇಳಿದರು.

“ಒಗೆದಿದ್ರಾ ಸಾ ಅದ್ನಾ? ಕೊಳೆ ಅಂಗಿನೇ ಹಾಕ್ಬೇಕು ಅನ್ಕೊಂಡು ನಮ್ಮೆಜಮಾನ್ರಿಗೆ ಎಂಟು ದಿನ ಒಂದೇ ಅಂಗಿ ಇಕ್ಸಿದ್ನಲ್ಲ.”